ಬಾಟ್ಲಿ ಮಳೆಮಾಪಕದ ಶಾಲೆ: ಒಂದು ವರ್ಷ ನೋಡಿದ ಮೇಲೆ ನನ್ನ ಅಭಿಪ್ರಾಯ

ನಾನು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕಥೆ ಕವನ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಡೀಸೆಲ್ ಲೆಕ್ಕ, ಜೊತೆಗೆ ದಿನಾ ಬೆಳಗ್ಗೆ ಮಳೆ ಲೆಕ್ಕ ಬರೆಯುವವನು. ಹೋದ ವರ್ಷ ಜೂನಿನಲ್ಲಿ ಮಗಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಬಿಡಿಸಿ, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಐದನೇ ಕ್ಲಾಸಿಗೆ ಸೇರಿಸಿದೆ. ಅವತ್ತಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. ಹೇಗಿದೆ ಶಾಲೆ? ಏನಾದರೂ ಕಲಿಸ್ತಾರಾ? ಒಬ್ಬೊಬ್ಬರಿಗೂ ಗೇಟಿನಲ್ಲಿ ನಿಂತು ಉತ್ತರ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಶಾಲೆಯ ಹೆಸರು ಹೇಳುವುದಿಲ್ಲ. ಒಂದೆರಡು ದೂರುಗಳಿವೆ, ಹೆಡ್ ಮಾಸ್ಟರು ದಿನಾ ನಮ್ಮ ಗೇಟಿನ ಮುಂದೆಯೇ ಬೈಕಿನಲ್ಲಿ ಹೋಗುತ್ತಾರೆ. ಈ ಕಡೆಯವರಿಗೆ ಹೇಗೂ ಗೊತ್ತಾಗುತ್ತೆ ಬಿಡಿ.

ಮೊದಲೇ ಒಂದು ಮಾತು. ನಾನು ಯಾವ ದೊಡ್ಡ ಆದರ್ಶ ಇಟ್ಟುಕೊಂಡೂ ಅವಳನ್ನು ಸರ್ಕಾರಿ ಶಾಲೆಗೆ ಹಾಕಿದವನಲ್ಲ. ಪೇಟೆಯ ಶಾಲೆಯ ವ್ಯಾನು ಬೆಳಗ್ಗೆ 7 ಗಂಟೆ 10ಕ್ಕೆ ಬರುತ್ತಿತ್ತು. ತಿರುವು ಜಾಸ್ತಿ ಇರುವ ದಾರಿ. ಪುಟ್ಟಿ ವಾರಕ್ಕೆ ಮೂರು ದಿನ ವಾಂತಿ ಮಾಡಿಕೊಳ್ಳುತ್ತಿದ್ದಳು. ಈ ಶಾಲೆ ಎಸ್ಟೇಟ್ ಗೇಟಿನಿಂದ ಅರ್ಧ ಕಿಲೋಮೀಟರ್. ಸೇರಿಸಿದ್ದಕ್ಕೆ ಕಾರಣ ಅಷ್ಟೇ.

ಶಾಲೆಯಲ್ಲಿ ಪ್ರತಿ ತಿಂಗಳ ಮೊದಲ ವಾರ ಒಂದು ಹಾಳೆ ನೋಟಿಸ್ ಬೋರ್ಡಿಗೆ ಬೀಳುತ್ತೆ. 'ಈ ತಿಂಗಳ ಚಟುವಟಿಕೆಗಳು.' ಅದರ ಫೋಟೋ ಪೋಷಕರ ವಾಟ್ಸಾಪ್ ಗುಂಪಿಗೂ ಬರುತ್ತೆ, ಸಾಮಾನ್ಯವಾಗಿ ಎರಡು ದಿನ ತಡವಾಗಿ, ಅಡ್ಡಡ್ಡವಾಗಿ. ಜೂನ್ ತಿಂಗಳ ಹಾಳೆ ಇನ್ನೂ ನನ್ನ ಫೋನಿನಲ್ಲಿದೆ. ಪ್ರಾರಂಭೋತ್ಸವ, ಪರಿಸರ ದಿನ, ಯೋಗ ದಿನ, ಎಸ್‌ಡಿಎಂಸಿ (ಪೋಷಕರೂ ಇರುವ ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆ, ಸಂಭ್ರಮ ಶನಿವಾರ. ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲು: '5ನೇ ತರಗತಿ – ಖಾಲಿ 2 ಲೀಟರ್ ಬಾಟಲ್ ತರುವುದು.'

ಇಡೀ ವರ್ಷದಲ್ಲಿ ಈ ಶಾಲೆ ಮಾಡಿದ ಅತಿ ಒಳ್ಳೆಯ ಕೆಲಸ ಆ ಕೊನೆಯ ಸಾಲಿನಿಂದ ಶುರುವಾಯಿತು.

ಐದನೇ ಕ್ಲಾಸಿಗೆ ವಿಜ್ಞಾನ ಅಂತ ಬೇರೆ ಪುಸ್ತಕ ಇಲ್ಲ. ಪರಿಸರ ಅಧ್ಯಯನ ಅಂತ ಇರುತ್ತೆ, ಅದರಲ್ಲೇ ನೀರು, ಗಾಳಿ, ಆಹಾರ ಎಲ್ಲ ಬರುತ್ತೆ. ಆ ಪಾಠ ಮಾಡುವ ಮೇಡಂ ಅರಸೀಕೆರೆ ಕಡೆಯವರು. ಬಯಲುಸೀಮೆಯವರಾದ್ದರಿಂದಲೋ ಏನೋ, ಮಳೆ ಅಂದರೆ ಅವರಿಗೆ ನಮಗಿಂತ ಜಾಸ್ತಿ ಕುತೂಹಲ. ನಾವು ಮಳೆಯಲ್ಲೇ ಹುಟ್ಟಿದವರು. ಶಾಪ ಹಾಕಿಕೊಂಡು ಗೊರಬು ಏರಿಸುತ್ತೇವೆ, ಅಷ್ಟೇ. ಅವರು ಮಕ್ಕಳ ಕೈಲಿ ಮಳೆ ಅಳೆಸಲು ಹೊರಟರು.

ಬಾಟ್ಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಅದೇ ಬಾಟ್ಲಿಯೊಳಗೆ ಕೂರಿಸುವುದು. ಇದು ಎಲ್ಲ ಶಾಲೆಯಲ್ಲೂ ಮಾಡಿಸುತ್ತಾರೆ, ಹೊಸದೇನಲ್ಲ. ಆದರೆ ಮಾಡಿಸಿ, ಬಣ್ಣದ ಕಾಗದ ಅಂಟಿಸಿ, ಫೋಟೋ ತೆಗೆದು ಬೀರುವಿನ ಮೇಲೆ ಇಡುತ್ತಾರೆ. ಇಲ್ಲಿ ಹೊರಗೆ ಇಟ್ಟರು. ಇಟ್ಟ ಕೂಡಲೇ ತೊಂದರೆ ಶುರುವಾಯಿತು.

ಕೂಲ್‌ಡ್ರಿಂಕ್ಸ್ ಬಾಟ್ಲಿಯ ತಳ ನೋಡಿದ್ದೀರಲ್ಲ, ಹೂವಿನ ದಳದ ಹಾಗೆ ಐದು ಉಬ್ಬು ಇರುತ್ತೆ. ಅಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಅದು ಒಂದು ಸೆಂಟಿಮೀಟರ್ ಮಳೆ ಅಲ್ಲ. ಮಗ್ಗುಲು ನೆಟ್ಟಗಿರುವ ಕಡೆಯಿಂದ ಮಾತ್ರ ಅಳತೆ ಸರಿ. ಆದ್ದರಿಂದ ತಳಕ್ಕೆ ಸಣ್ಣ ಕಲ್ಲು ತುಂಬಿ, ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ಹಾಕಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಬೇಕು. ಕಲ್ಲು ಹಾಕಿದರೆ ಗಾಳಿಗೆ ಬಾಟ್ಲಿ ಬೀಳುವುದೂ ಇಲ್ಲ. ಪುಟ್ಟಿ ಇದನ್ನು ನನಗೆ ವಿವರಿಸಿದಾಗ ನಾನು ಅಕ್ಕಿರೊಟ್ಟಿ ತಿನ್ನುತ್ತಿದ್ದೆ. ಕೈ ಹಾಗೇ ನಿಂತಿತು. ಹನ್ನೊಂದು ವರ್ಷದಿಂದ ದಿನಾ ಮಳೆ ಅಳೆಯುವವನು ನಾನು, ಪಾತ್ರೆಯ ತಳದ ಬಗ್ಗೆ ಒಂದು ದಿನ ಯೋಚನೆ ಮಾಡಿದವನಲ್ಲ. ಕಂಪನಿಯವರು ಮಾಡಿ ಕೊಟ್ಟ ಮಾಪಕ, ಅವರೇ ಕೊಟ್ಟ ಗಾಜಿನ ಅಳತೆ. ಸುರಿದು ಓದುವುದು, ಬರೆಯುವುದು.

ಇನ್ನೊಂದು ವಿಷಯ. ನಮ್ಮ ಎಸ್ಟೇಟುಗಳಲ್ಲಿ ಮಳೆ ಇವತ್ತಿಗೂ ಇಂಚು ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಬ್ರಿಟಿಷರು ಹೋದರೂ ಸೆಂಟ್ ಹೋಗಿಲ್ಲ. ಶಾಲೆಯಲ್ಲಿ ಮಿಲಿಮೀಟರ್. ಹಾಗಾಗಿ ಜೂನ್ ತಿಂಗಳಿಡೀ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಲೆಕ್ಕ. 'ಅಪ್ಪ, ನಿಮ್ದು ಎಷ್ಟು?' 'ಒಂದು ಇಂಚು ಹತ್ತು ಸೆಂಟ್.' ಅವಳು 25.4ರಿಂದ ಗುಣಿಸಿ, 28 ಮಿಲಿಮೀಟರ್ ಹತ್ತಿರ ಅನ್ನುತ್ತಾಳೆ. ದಶಮಾಂಶದ ಗುಣಾಕಾರ ಅಂದರೆ ಅಳುತ್ತಿದ್ದ ಹುಡುಗಿ.

ಆದರೆ ಅವತ್ತು ಶಾಲೆಯ ಬಾಟ್ಲಿ ತೋರಿಸಿದ್ದು 71 ಮಿಲಿಮೀಟರ್. 'ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯಲ್ಲ' ಅಂತ ನಮ್ಮಲ್ಲಿ ಹಳಬರು ಹೇಳುವುದುಂಟು. ಅದನ್ನೇ ಹೇಳಿದೆ. ಮೇಡಂ ಒಪ್ಪಲಿಲ್ಲವಂತೆ. ಅರ್ಧ ಕಿಲೋಮೀಟರಿಗೆ ಇಷ್ಟು ವ್ಯತ್ಯಾಸ ದಿನಾ ಬರುತ್ತಾ ಅಂತ ಮಕ್ಕಳನ್ನೇ ಕೇಳಿದರಂತೆ. ಕಾರಣ ಏನು ಅಂತ ಮಾತ್ರ ಅವರು ಹೇಳಲಿಲ್ಲ. ಮೂರು ಬಾಟ್ಲಿ ಇಡಿಸಿದರು. ಒಂದು ಮೊದಲಿದ್ದಲ್ಲೇ, ಕ್ಲಾಸಿನ ಹೆಂಚಿನ ಸೂರಿನ ಪಕ್ಕ. ಒಂದು ಹಲಸಿನ ಮರದ ಕೆಳಗೆ. ಒಂದು ಆಟದ ಬಯಲಿನ ನಡುವೆ. ಮಾರನೇ ದಿನ ಸೂರಿನ ಪಕ್ಕದ್ದು 60, ಮರದ ಕೆಳಗಿನದ್ದು 14, ಬಯಲಿನದ್ದು 22. ನನ್ನದು 88 ಸೆಂಟ್, ಅಂದರೆ ಸುಮಾರು 22.

ಆ ಸಂಜೆ ಪುಟ್ಟಿ ಮನೆಗೆ ಓಡಿಕೊಂಡೇ ಬಂದಳು. 'ಅಪ್ಪ, ಮಾಡಿನ ನೀರೂ ಅದಕ್ಕೇ ಬೀಳ್ತಿತ್ತು! ಮರ ಸ್ವಲ್ಪ ಮಳೆ ತಾನೇ ಇಟ್ಕೊಳ್ಳುತ್ತೆ!' ಇದನ್ನು ಬೋರ್ಡಿನ ಮೇಲೆ ಒಂದು ವಾಕ್ಯದಲ್ಲಿ ಬರೆದು ಮುಗಿಸಬಹುದಿತ್ತು. ಐದು ದಿನ ತೆಗೆದುಕೊಂಡರು. ಆ ಐದು ದಿನದಲ್ಲಿ ಪಾಠ ಹಿಂದೆ ಬಿತ್ತು ಅಂತ ಒಂದಿಬ್ಬರು ಪೋಷಕರು ಗೊಣಗಿದ್ದೂ ಉಂಟು. ನಾನು ಗೊಣಗಲಿಲ್ಲ.

ಜುಲೈ ಬಂತು. 'ಆರಿದ್ರಾ ಮಳೆ ಆರದೇ ಹುಯ್ಯುತ್ತೆ' ಅಂತಾರಲ್ಲ, ಹಾಗೆಯೇ ಹುಯ್ಯಿತು. ಆಮೇಲೆ ದೊಡ್ಡ ಪುಷ್ಯ. ಜಿಲ್ಲಾಧಿಕಾರಿಗಳ ರಜೆ ಆದೇಶ ರಾತ್ರಿ ವಾಟ್ಸಾಪಿಗೆ ಬರುವುದು, ಮಕ್ಕಳು ಕುಣಿಯುವುದು. ಒಂದು ಸಲ ಮೂರು ದಿನ ಸೇರಿ ರಜೆ ಬಂತು. ನಾಲ್ಕನೇ ದಿನ ಮಕ್ಕಳು ಹೋಗಿ ನೋಡಿದರೆ ಬಾಟ್ಲಿ ತುಂಬಿ ಚೆಲ್ಲಿದೆ. ಅದಕ್ಕೆ ಕಟ್ಟಿದ್ದು ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರಿನ ಸ್ಕೇಲು. ನೀರು ಅದಕ್ಕೂ ಮೇಲೆ. ಏನು ಬರೆಯುವುದು?

ಆ ಪುಸ್ತಕ ನಾನು ನೋಡಿದ್ದೇನೆ. ಹಾಜರಿ ಪುಸ್ತಕದ ಹಾಗೆ ಗೆರೆ ಹಾಕಿದ ಉದ್ದ ನೋಟ್‌ಬುಕ್. ದಿನಕ್ಕೊಬ್ಬರು ಬರೆಯಬೇಕು, ಪಕ್ಕದಲ್ಲಿ ಅವರದೇ ಸಹಿ. ಆ ಮೂರು ದಿನಕ್ಕೆ ಎದುರಾಗಿ ಯಾವುದೋ ಹುಡುಗನ ಸೊಟ್ಟ ಅಕ್ಷರದಲ್ಲಿ ಹೀಗಿದೆ: 'ನೋಡಿಲ್ಲ. ನೋಡಿಲ್ಲ. ನೋಡಿಲ್ಲ. ಮೂರು ದಿನ ಸೇರಿ 150 ಮಿ.ಮೀ.ಗಿಂತ ಜಾಸ್ತಿ. ಚೆಲ್ಲಿದೆ.' ಕೆಳಗೆ ಮೇಡಂ ಕೆಂಪು ಇಂಕಿನಲ್ಲಿ 'ಸರಿ' ಅಂತ ಹಾಕಿದ್ದಾರೆ.

ನನ್ನ ಮಟ್ಟಿಗೆ ಹೇಳುವುದಾದರೆ ಈ ಶಾಲೆಗೆ ಮಗಳನ್ನು ಹಾಕಿದ ದುಡ್ಡು ಆ ಕೆಂಪು 'ಸರಿ'ಗೇ ವಸೂಲಾಯಿತು. ದುಡ್ಡೇ ಕೊಟ್ಟಿಲ್ಲ, ಅದು ಬೇರೆ ಮಾತು. ಅದೇ ಮೂರು ದಿನ ನಮ್ಮ ಎಸ್ಟೇಟಿನ ಮಳೆ ರಿಜಿಸ್ಟರಿನಲ್ಲಿ ಏನಿದೆ ಅನ್ನುವುದು ಇನ್ನೂ ಬೇರೆ ಮಾತು.

ಈಗ ದೂರು. ಶಾಲೆಗೆ ಒಂದು ವಿಜ್ಞಾನದ ಕಿಟ್ ಬಂದಿದೆ. ಯಾವಾಗಲೋ ಬಂದದ್ದು. ಆಯಸ್ಕಾಂತ, ದಿಕ್ಸೂಚಿ, ಭೂತಗನ್ನಡಿ, ಪ್ರನಾಳ, ಸ್ಪಿರಿಟ್ ದೀಪ, ಎಲ್ಲ ಇರುವ ದೊಡ್ಡ ಪೆಟ್ಟಿಗೆ. ಆಫೀಸ್ ರೂಮಿನ ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ, ಹೊದಿಸಿದ ಪ್ಲಾಸ್ಟಿಕ್ಕೂ ಬಿಚ್ಚದೆ ಕೂತಿತ್ತು. ಎಸ್‌ಡಿಎಂಸಿ ಸಭೆಯಲ್ಲಿ ಕೇಳಿದೆ. ಒಡೆದರೆ ಸ್ಟಾಕ್ ಬುಕ್ಕಿನಲ್ಲಿ ಯಾರು ಉತ್ತರ ಕೊಡುತ್ತಾರೆ ಅಂತ ಮರುಪ್ರಶ್ನೆ ಬಂತು. ನಾನೂ ಸ್ಟಾಕ್ ಬುಕ್ ಬರೆಯುವವನೇ. ಆ ಹೆದರಿಕೆ ನನಗೆ ಅರ್ಥವಾಗುತ್ತೆ. ಆದರೂ, ಭೂತಗನ್ನಡಿಯನ್ನು ಗೆದ್ದಲು ನೋಡಲಿ ಅಂತ ಇಟ್ಟಿದ್ದಾರಾ? ಒಡೆದರೆ ನಾನು ಕಟ್ಟಿಕೊಡುತ್ತೇನೆ ಅಂತ ಹೇಳಿ ಬರೆದುಕೊಟ್ಟ ಮೇಲೆ ಸೆಪ್ಟೆಂಬರಿನಲ್ಲಿ ಬೀರು ತೆರೆಯಿತು. ವರ್ಷದ ಕೊನೆಗೆ ಒಡೆದದ್ದು ಎರಡು ಪ್ರನಾಳ. ಒಂದನ್ನು ಒಡೆದದ್ದು ಮಕ್ಕಳಲ್ಲ.

ಸ್ಮಾರ್ಟ್ ಕ್ಲಾಸಿನ ಟಿವಿ ಬಗ್ಗೆ ಕೇಳಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ನೆಂಟರ ಹಾಗೆ, ಬಂದಾಗ ಬಂತು.

ಆಗಸ್ಟಿನಲ್ಲಿ ಎರಡು ಸಣ್ಣ ಕೆಲಸ ಮಾಡಿಸಿದರು. ಒಂದು ಕೆಟ್ಟಿತು, ಒಂದು ಚೆನ್ನಾಗಿತ್ತು. ಕೆಟ್ಟದ್ದು ನೆರಳಿಲ್ಲದ ದಿನ. ನಮ್ಮ ಕಡೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ 12.30ರ ಹತ್ತಿರ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ಕೋಲು ನೆಟ್ಟು ಸುತ್ತ ಕೂತರು. ಆಗಸ್ಟಿನ ಸಕಲೇಶಪುರದಲ್ಲಿ ಸೂರ್ಯನನ್ನು ಕಾಯುವುದು! ಕೋಲಿಗೆ ನೆರಳಿರಲಿಲ್ಲ ನಿಜ, ಯಾವುದಕ್ಕೂ ಇರಲಿಲ್ಲ. ಏಪ್ರಿಲ್ 24ರ ಸುಮಾರಿಗೆ ಮತ್ತೆ ಬರುತ್ತೆ, ರಜೆಯಲ್ಲಿ ಮನೆಯಲ್ಲೇ ನೋಡಿ ಅಂತ ಹೇಳಿ ಕಳಿಸಿದರು.

ಚೆನ್ನಾಗಿದ್ದದ್ದು 23ರ ಬಾಹ್ಯಾಕಾಶ ದಿನ. 2023ರಲ್ಲಿ ಚಂದ್ರಯಾನ-3 ಚಂದ್ರನ ಮೇಲೆ ಇಳಿದ ದಿನ ಅದು. ಭಾಷಣ ಇದ್ದೇ ಇತ್ತು. ಅದಾದ ಮೇಲೆ ಮೇಡಂ ಮಕ್ಕಳನ್ನು ಊರೊಳಗೆ ಕರೆದುಕೊಂಡು ಹೋಗಿ ಮನೆಗಳ ಮೇಲಿನ ಡಿಶ್ ಎಣಿಸಿದರು. ಎಣಿಸುವುದಷ್ಟೇ ಅಲ್ಲ, ಯಾವ ದಿಕ್ಕಿಗೆ ಮುಖ ಮಾಡಿವೆ ಅಂತ ಬರೆಯಬೇಕು. ಒಂದೂ ಉತ್ತರಕ್ಕಿಲ್ಲ, ಒಂದೂ ಪಶ್ಚಿಮಕ್ಕಿಲ್ಲ. ಸ್ವಲ್ಪ ಆಚೀಚೆ ಆದರೂ ಎಲ್ಲವೂ ಆಗ್ನೇಯದ ಕಡೆಗೇ. ಯಾಕೆ? ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇದ್ದಲ್ಲೇ ಇದ್ದ ಹಾಗೆ ಕಾಣುತ್ತೆ. ಸಮಭಾಜಕ ನಮಗೆ ದಕ್ಷಿಣಕ್ಕಿದೆ, ಉಪಗ್ರಹ ನಮಗಿಂತ ಪೂರ್ವಕ್ಕಿದೆ. ಇಂಥ ಇನ್ಸಾಟ್, ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ, ಸಾಲಗಾಮೆ ರಸ್ತೆಯಲ್ಲಿದೆ. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಓಡಾಡಿಲ್ಲ. ದೊಡ್ಡ ಬಿಳಿ ಬುಟ್ಟಿಗಳು ಅಂತ ನೋಡಿ ಮುಂದೆ ಹೋದವನು. ಈಗ ಪುಟ್ಟಿ ಬಸ್ಸಿನಲ್ಲಿ ಕೂತರೆ ದಾರಿಯುದ್ದಕ್ಕೂ ಡಿಶ್ ನೋಡಿ ದಿಕ್ಕು ಹೇಳುತ್ತಾಳೆ. ವಾಂತಿಯೂ ನಿಂತಿದೆ.

ಸೆಪ್ಟೆಂಬರಿನದ್ದು ನನ್ನ ಪಂಚೆಯ ಕಥೆ. ಕಿಟ್ ತೆರೆದ ಮೇಲೆ ಮೊದಲು ಕೈಗೆ ಬಂದದ್ದು ಅಯೋಡಿನ್. ಪಿಷ್ಟ ಇರುವ ಪದಾರ್ಥಕ್ಕೆ ಒಂದು ತೊಟ್ಟು ಬಿಟ್ಟರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಇಲ್ಲದಿದ್ದರೆ ಹಾಗೇ ಕಂದು. ಬಿಸಿಯೂಟದ ಅನ್ನ ನೀಲಿ. ಹಾಸನದ ಆಲೂಗಡ್ಡೆ ನೀಲಿ. ಬೆಲ್ಲ ಇಲ್ಲ. ಮೊಟ್ಟೆಯ ಬಿಳಿ ಇಲ್ಲ. ಬರೀ ಕಾಗದಕ್ಕೆ ಬಿಟ್ಟರೂ ನೀಲಿ ಆಯಿತು ಅಂತ ಒಬ್ಬ ಹುಡುಗ ಕಂಡುಹಿಡಿದ. ಕಾಗದಕ್ಕೆ ಗಟ್ಟಿ ಬರಲಿ ಅಂತ ಪಿಷ್ಟ ಹಾಕಿರುತ್ತಾರಂತೆ, ನನಗಂತೂ ಗೊತ್ತಿರಲಿಲ್ಲ.

ಪುಟ್ಟಿ ಮನೆಗೆ ಬಂದು ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಹುಡುಕಿ ತೆಗೆದಳು. ಅಕ್ಕಿರೊಟ್ಟಿಗೆ ಬಿಟ್ಟಳು. ಬಾಳೆಕಾಯಿಗೆ ಬಿಟ್ಟಳು. ಎಸ್ಟೇಟಿನ ಹಾಲಿಗೂ ಬಿಟ್ಟಳು. ಹಾಲು ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ ಅಂತ ಲೆಕ್ಕವಂತೆ. ಯಜಮಾನರ ಮನೆಯ ಹಸುವಿನ ಹಾಲು! ನನಗೆ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ನೀಲಿಯಾಗಲಿಲ್ಲ. ಆಮೇಲೆ ಅವಳ ಕಣ್ಣು ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಬಿಳಿ ಪಂಚೆಯ ಮೇಲೆ ಬಿತ್ತು. ಮಾರನೇ ದಿನದ ಮದುವೆಗೆ ಅಂತ ನಮ್ಮವಳು ಗಂಜಿ ಹಾಕಿ ಹಿಂಡಿದ್ದಳು. ಗಂಜಿ ಅಂದರೇನು? ಪಿಷ್ಟ. ಅಂಚಿನ ಹತ್ತಿರ ಐದು ತೊಟ್ಟು, ಐದು ನೀಲಿ ಹೂವು. 'ನೋಡಪ್ಪ, ಪಾಸಿಟಿವ್!' ಅಂದಳು. ಎರಡು ಒಗೆತಕ್ಕೆ ಕಲೆ ಹೋಯಿತು. ಮದುವೆಗೆ ಪ್ಯಾಂಟ್ ಹಾಕಿಕೊಂಡು ಹೋದೆ.

ಅಕ್ಟೋಬರ್ ದಸರಾ ರಜೆ. ಅದಕ್ಕೂ ಹಿಂದಿನ ಮೂರು ವಾರ ಪ್ರತಿಭಾ ಕಾರಂಜಿಯ ತಯಾರಿ. ಇಲ್ಲಿ ನನ್ನದೊಂದು ತಕರಾರು. ತಿಂಗಳ ಹಾಳೆಯಲ್ಲಿ ಕಾರ್ಯಕ್ರಮ ಜಾಸ್ತಿ ಆಗಿಬಿಟ್ಟಿವೆ. ಜಯಂತಿ, ಸಪ್ತಾಹ, ದಿನಾಚರಣೆ, ಸ್ಪರ್ಧೆ, ಪ್ರತಿಯೊಂದಕ್ಕೂ ಫೋಟೋ, ಪ್ರತಿ ಫೋಟೋವನ್ನೂ ಎಲ್ಲಿಗೋ ಕಳಿಸಬೇಕು. ಎರಡು ಮೇಡಂ, ಇಬ್ಬರು ಮೇಷ್ಟ್ರು ಇರುವ ಶಾಲೆ. ಏಳು ತರಗತಿ. ಅವರು ಪಾಠ ಮಾಡಬೇಕೋ ಫೋಟೋ ತೆಗೆಯಬೇಕೋ? ಆ ಮೂರು ವಾರ ಮಳೆ ಪುಸ್ತಕದಲ್ಲಿ 'ನೋಡಿಲ್ಲ' ಸಾಲು ಸಾಲಾಗಿ ಇದೆ. ಡ್ಯಾನ್ಸ್ ಅಭ್ಯಾಸ ಇತ್ತಂತೆ.

ನವೆಂಬರಿನಲ್ಲಿ ಮಕ್ಕಳ ಸಂತೆ. ಇದು ಈಗ ಎಲ್ಲ ಕಡೆ ಮಾಡುತ್ತಾರೆ. ಇಲ್ಲಿನ ವಿಶೇಷ ಏನೆಂದರೆ ಅಂಗಡಿಯ ತಕ್ಕಡಿ ತರುವ ಹಾಗಿಲ್ಲ, ತಾವೇ ಮಾಡಬೇಕು. ಬಟ್ಟೆ ತೂಗುಹಾಕುವ ಹ್ಯಾಂಗರಿನ ಎರಡು ತುದಿಗೆ ತೆಂಗಿನ ಚಿಪ್ಪು. ತೂಕದ ಕಲ್ಲಿಗೆ ಏನು ಮಾಡುವುದು? ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳತೆ ಗೆರೆ ಇರುತ್ತಲ್ಲ, ಅದರಲ್ಲಿ ಅಳೆದು ಸಣ್ಣ ಬಾಟ್ಲಿಗೆ ನೀರು ತುಂಬಿದರು. 100 ಮಿಲಿಲೀಟರ್ ನೀರು 100 ಗ್ರಾಂ ತೂಗುತ್ತೆ. ಖಾಲಿ ಬಾಟ್ಲಿಗೂ ತೂಕ ಇದೆಯಲ್ಲ? ಅಂಥದ್ದೇ ಖಾಲಿ ಬಾಟ್ಲಿ ಒಂದನ್ನು ಆ ಕಡೆ ಚಿಪ್ಪಿಗೂ ಇಟ್ಟರು, ಸರಿ ಹೋಯಿತು. ನಮ್ಮ ಪುಟ್ಟಿ ಕೆಸುವಿನ ಎಲೆ, ನಿಂಬೆಹಣ್ಣು, ಗಾಂಧಾರಿ ಮೆಣಸು ಇಟ್ಟುಕೊಂಡು ಕೂತಳು. ಗಾಂಧಾರಿ ಮೆಣಸು 50 ಗ್ರಾಂ ತೂಗಲು ನಾಲ್ಕು ನಿಮಿಷ. ಗಿರಾಕಿಗಳು ಬೈದುಕೊಂಡು ನಿಂತಿದ್ದರು. ವ್ಯಾಪಾರ 140 ರೂಪಾಯಿ. ಹಾಕಿದ ಬಂಡವಾಳ ಎಲ್ಲ ನಮ್ಮ ಹಿತ್ತಿಲು, ಆದ್ದರಿಂದ ಲಾಭ ಅಂತಲೇ ಹಿಡಿದುಕೊಂಡಿದ್ದಾಳೆ.

ಡಿಸೆಂಬರ್. ಒಂದು ದಿನ ಮಂಜರಾಬಾದ್ ಕೋಟೆಗೆ ಹೋದರು. 1792ರಲ್ಲಿ ಟಿಪ್ಪು ಮುಗಿಸಿದ ನಕ್ಷತ್ರದಾಕಾರದ ಕೋಟೆ. ಎಂಟು ಮೂಲೆ. ಕಿಟ್ಟಿನ ದಿಕ್ಸೂಚಿ ಹಿಡಿದು ಸುತ್ತಿದರಂತೆ. ಕೆಳಗಿನಿಂದ ನಕ್ಷತ್ರ ಕಾಣಲ್ಲ, ನಡೆದರೆ ಗೊತ್ತಾಗುತ್ತೆ ಅಂದಳು. ಅಷ್ಟು ಸಾಕು.

ಅದೇ ತಿಂಗಳು ವಿಜ್ಞಾನ ವಸ್ತುಪ್ರದರ್ಶನ. ಇದಕ್ಕೆ ನಾನು ಸೊನ್ನೆ ಅಂಕ ಕೊಡುತ್ತೇನೆ. ಮೇಲಿನವರು ನೋಡಲು ಬರುತ್ತಾರೆ, ಮಾಡೆಲ್ ದೊಡ್ಡದಾಗಿರಲಿ ಅಂತ ಸೂಚನೆ ಬಂತು. ಪುಟ್ಟಿಯ ಗುಂಪಿಗೆ ಜ್ವಾಲಾಮುಖಿ ಬಂತು. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ರೆಡಿ ಸಿಗುತ್ತೆ, 350 ರೂಪಾಯಿ. ಥರ್ಮಕೋಲಿನ ಗುಡ್ಡ, ಕೆಂಪು ಬಣ್ಣ ಬಳಿದದ್ದು. ಒಳಗೆ ಅಡುಗೆ ಸೋಡ, ಅದಕ್ಕೆ ವಿನಿಗರ್ ಸುರಿದರೆ ಬುಸ್ಸನೆ ನೊರೆ. ಹೇಳಬೇಕಾದ್ದನ್ನು ಬರೆದುಕೊಟ್ಟಿದ್ದರು, ಬಾಯಿಪಾಠ. ನಮ್ಮ ಜಗಲಿಯಲ್ಲಿ ಹಿಂದಿನ ರಾತ್ರಿ ಅಭ್ಯಾಸ ಮಾಡುತ್ತಾ ಪುಟ್ಟಿ ನಡುವೆ ನಿಲ್ಲಿಸಿ ಕೇಳಿದಳು. 'ಅಪ್ಪ, ನಿಜವಾದ ಜ್ವಾಲಾಮುಖಿ ಒಳಗೆ ಅಡುಗೆ ಸೋಡ ಇರುತ್ತಾ?' ಇಲ್ಲ ಮಗಳೇ, ಕರಗಿದ ಬಂಡೆ, ಅದರಲ್ಲಿ ಸೇರಿಕೊಂಡ ಅನಿಲ. 'ಮತ್ತೆ ಇದು ಯಾವುದರ ಮಾಡೆಲ್?' ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಬಹುಮಾನ ಅದಕ್ಕೇ ಬಂತು. ಮಳೆ ಪುಸ್ತಕವನ್ನು ಒಂದು ಮೂಲೆಯ ಬೆಂಚಿನ ಮೇಲೆ ಇಟ್ಟಿದ್ದರು. ಬಂದವರಲ್ಲಿ ಯಾರೂ ಅದನ್ನು ತೆರೆದು ನೋಡಿದ್ದು ನಾನು ಕಾಣೆ.

ಜನವರಿಯಲ್ಲಿ ಮತ್ತೆ ಮೇಡಂ ತಮ್ಮ ದಾರಿಗೆ ಬಂದರು. ರೊಬಸ್ಟಾ ಕುಯ್ಲಿನ ಸಮಯ. ನಮ್ಮ ಎಸ್ಟೇಟಿನಿಂದ ಒಂದು ಕೆಜಿ ಹಣ್ಣು ಕೇಳಿ ತರಿಸಿಕೊಂಡು ಶಾಲೆಯ ಅಂಗಳದಲ್ಲಿ ಒಣಗಿಸಲು ಹಾಕಿಸಿದರು. ದಿನಾ ಮಧ್ಯಾಹ್ನ ಊಟ ಆದ ಮೇಲೆ ಅದೇ ಹ್ಯಾಂಗರ್ ತಕ್ಕಡಿಯಲ್ಲಿ ಭಾಗ ಭಾಗ ಮಾಡಿ ತೂಗುವುದು, ಬರೆಯುವುದು. ಮೊದಲ ದಿನಗಳಲ್ಲಿ ತೂಕ ದಬದಬ ಇಳಿಯುತ್ತೆ. ಆಮೇಲೆ ನಿಧಾನ. ಹದಿನಾಲ್ಕನೇ ದಿನದ ಹೊತ್ತಿಗೆ ಇಳಿಯುವುದೇ ನಿಂತಿತು. 440 ಗ್ರಾಂ. ಅಂದರೆ ಅರ್ಧಕ್ಕಿಂತ ಜಾಸ್ತಿ ನೀರು. ಕಣದಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಅಂತ ನಮ್ಮ ಮೇಸ್ತ್ರಿ ಹಿಡಿಯಲ್ಲಿ ಹಿಡಿದು ಕುಲುಕಿ ಸದ್ದು ಕೇಳಿ ಹೇಳುತ್ತಾನೆ. ಅವನನ್ನೂ ಶಾಲೆಗೆ ಕರೆಸಿದ್ದರು. ಎರಡು ದಿನ ಮೊದಲೇ ಅವನು ಕುಲುಕಿ ನೋಡಿ, 'ಇನ್ನು ಎರಡು ಬಿಸಿಲು ಬೇಕು' ಅಂದಿದ್ದನಂತೆ. ಮಕ್ಕಳ ತಕ್ಕಡಿಯೂ ಅದನ್ನೇ ಹೇಳಿತು. ಅವನು ಈಗ ಎಸ್ಟೇಟಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾನೆ, ಹಾಜರಿ ಕರೆದರೆ ಓಗೊಡಲ್ಲ.

ಫೆಬ್ರವರಿ 28 ವಿಜ್ಞಾನ ದಿನ. 1928ರಲ್ಲಿ ರಾಮನ್ ತಮ್ಮ ಪರಿಣಾಮ ಕಂಡುಹಿಡಿದ ದಿನ, 1930ರಲ್ಲಿ ನೊಬೆಲ್. ಹನ್ನೊಂದು ಮಕ್ಕಳು ಇದನ್ನೇ ಹನ್ನೊಂದು ಸಲ ಹೇಳಿದರು.

ಸೇರಿಸಬೇಕು ಅಂತ ಯೋಚನೆ ಮಾಡುತ್ತಿರುವವರಿಗೆ ಬೇಕಾದ ವಿಷಯ ಹೇಳಿಬಿಡುತ್ತೇನೆ. ಫೀಸು ಇಲ್ಲ. ಬಿಸಿಯೂಟ ಚೆನ್ನಾಗಿದೆ, ಸಾಂಬಾರು ಮಂಗಳವಾರ ಸ್ವಲ್ಪ ನೀರು. ಇಂಗ್ಲಿಷ್ ಕಮ್ಮಿ, ಅದನ್ನು ಮನೆಯಲ್ಲೇ ನೋಡಿಕೊಳ್ಳಬೇಕು. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಎರಡು ತಿಂಗಳು ಕೆಟ್ಟಿತ್ತು, ಈಗ ಸರಿಯಾಗಿದೆ. ಮಳೆಗಾಲದಲ್ಲಿ ದಾರಿಯಲ್ಲಿ ಇಂಬಳ ಜಾಸ್ತಿ, ಬ್ಯಾಗಿನಲ್ಲಿ ಒಂದು ಪೊಟ್ಟಣ ಉಪ್ಪು ಇಡಿ. ಆ ಮೇಡಂ ಇರುವವರೆಗೆ ಐದನೇ ಕ್ಲಾಸಿಗೆ ಕಣ್ಣು ಮುಚ್ಚಿ ಸೇರಿಸಬಹುದು. ಅವರಿಗೆ ವರ್ಗ ಆದರೆ ಏನು ಅಂತ ನನ್ನನ್ನು ಕೇಳಬೇಡಿ. ಆ ಹೆದರಿಕೆ ನನಗೂ ಇದೆ. ಐದರಲ್ಲಿ ಎಷ್ಟು ಸ್ಟಾರ್ ಅಂತ ಕೇಳಿದರೆ ನಾಲ್ಕು. ಕಡಿದ ಒಂದು ಆ ಥರ್ಮಕೋಲ್ ಗುಡ್ಡದ ಲೆಕ್ಕಕ್ಕೆ.

ಮಾರ್ಚಿನಲ್ಲಿ ಹೂಮಳೆ ಬಂತು. ಕಾಫಿಯವರಿಗೆ ಈ ಒಂದು ಮಳೆಯ ಮೇಲೆ ವರ್ಷ ನಿಂತಿರುತ್ತೆ. ಒಂದು ಇಂಚಾದರೂ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಕೆಡುತ್ತೆ. ರಾತ್ರಿ ಎಲ್ಲ ಹೆಂಚಿನ ಮೇಲೆ ಸದ್ದು ಕೇಳುತ್ತಾ ಮಲಗಿದ್ದೆ. ಬೆಳಗ್ಗೆ ಬೆಂಗಳೂರಿನಿಂದ ಯಜಮಾನರ ಫೋನು ಬರುವ ಮೊದಲೇ ಟಾರ್ಚ್ ಹಿಡಿದು ಹೋಗಿ ಅಳೆದೆ. ಒಂದು ಇಂಚು ನಲವತ್ತು ಸೆಂಟ್. ಪುಟ್ಟಿ ಹಲ್ಲು ಕೂಡ ಉಜ್ಜದೆ ಶಾಲೆಗೆ ಓಡಿದಳು. ಗೇಟು ಹಾಕಿತ್ತು, ಬೇಲಿ ನುಸಿದು ಒಳಗೆ ಹೋದಳಂತೆ. ತಿರುಗಿ ಬಂದು '34!' ಅಂತ ಅಂಗಳದಿಂದಲೇ ಕೂಗಿದಳು. ನನ್ನದು ಮಿಲಿಮೀಟರಿಗೆ 35.56. ಕೂಲ್‌ಡ್ರಿಂಕ್ಸ್ ಬಾಟ್ಲಿಗೂ ಕಂಪನಿ ಮಾಪಕಕ್ಕೂ ಒಂದೂವರೆ ಮಿಲಿಮೀಟರ್ ವ್ಯತ್ಯಾಸ.

ಈಗ ಬೇಸಿಗೆ ರಜೆ. ಮೇಡಂ ಐದನೇ ಕ್ಲಾಸಿನವರಿಗೆ ರಜೆಯ ಕೆಲಸ ಕೊಟ್ಟಿದ್ದಾರೆ. ವರ್ಷದ ಮಳೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಯಬೇಕು. 'ನೋಡಿಲ್ಲ' ಅಂತ ಇರುವ ದಿನಗಳಿಗೆ ಹತ್ತಿರದ ಎಸ್ಟೇಟಿನ ಅಳತೆ ಸಿಕ್ಕರೆ ಬೇರೆ ಬಣ್ಣದಲ್ಲಿ ಹಾಕಬಹುದು ಅಂತ ಹೇಳಿದ್ದಾರೆ. ಹತ್ತಿರದ ಎಸ್ಟೇಟು ನಮ್ಮದೇ.

ಮೊನ್ನೆ ಭಾನುವಾರ ಪುಟ್ಟಿ ಆಫೀಸಿಗೆ ಬಂದು ನನ್ನ ಮಳೆ ರಿಜಿಸ್ಟರ್ ತೆಗೆದುಕೊಂಡು ಕೂತಳು. ಒಂದು ಕೈಯಲ್ಲಿ ಹಸಿರು ಪೆನ್ಸಿಲು. ಜೂನ್ ಮುಗಿಸಿದಳು. ಜುಲೈ ಪುಟ ತಿರುಗಿಸಿದಳು. ಆ ಮೂರು ದಿನ ನನಗೆ ಜ್ವರ ಇತ್ತು ಅಂತ ಹೇಳೋಣ, ಮೇಲಿನ ಕಣದ ದಾರಿಗೆ ಮರ ಬಿದ್ದಿತ್ತು ಅಂತ ಹೇಳೋಣ. ಎರಡೂ ನಿಜವೇ. ನಾಲ್ಕನೇ ದಿನ ಹೋಗಿ ಅಳೆದಾಗ ಒಟ್ಟು ಆರು ಇಂಚು ಅರವತ್ತು ಸೆಂಟ್ ಇತ್ತು. ಯಜಮಾನರಿಗೆ ದಿನದಿನದ ಲೆಕ್ಕ ಬೇಕು.

ಪುಟ್ಟಿ ಪೆನ್ಸಿಲು ಕಚ್ಚಿಕೊಂಡು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದಳು.

'ಅಪ್ಪ, ಮೂರು ದಿನವೂ ಸರಿಯಾಗಿ ಎರಡು ಇಂಚು ಇಪ್ಪತ್ತು ಸೆಂಟ್. ಒಂದು ಸೆಂಟೂ ಆಚೀಚೆ ಇಲ್ಲ. ಅದು ಹೇಗೆ ಬಂತು?'

ಹೊರಗೆ ಯಾರೋ ಕರೆದ ಹಾಗಾಯಿತು ಅಂತ ನಾನು ಎದ್ದು ಹೋದೆ.